ಕಡ್ಡಿ ಕಡ್ಡಿಯಾಗಿ ಮಲಗಿದ ಬೆಟ್ಟ

ನನ್ನ ಹತ್ತಿರ ಬರುವವರು ಬರಿಗೈಯಲ್ಲಿ ಬರುವುದು ಕಡಿಮೆ. ಮದುವೆಯ ಫೋಟೊ, ತೀರಿಹೋದ ಹಿರಿಯರ ಫೋಟೊ, ಅಬ್ಬೆತುಮಕೂರಿನ ಮಠದಿಂದ ತಂದ ಪಟ, ಏನಾದರೊಂದನ್ನು ಕಂಕುಳಲ್ಲಿ ಇಟ್ಟುಕೊಂಡೇ ಬರುತ್ತಾರೆ. ಸುರಪುರದ ರಂಗಂಪೇಟೆಯ ನಮ್ಮ ಮನೆಯ ಹಿಂದೆ ಒಂದು ತಗಡಿನ ಶೆಡ್ ಇದೆ. ಅಲ್ಲಿ ಕೂತು ನಾನು ಅವಕ್ಕೆ ಕಟ್ಟಿಗೆಯ ಚೌಕಟ್ಟು ಮಾಡಿ, ಗಾಜು ಕೂರಿಸಿ ಕೊಡುತ್ತೇನೆ. ಹೋದ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಶಹಾಪುರದಿಂದ ಸಂಗೀತದ ಟೀಚರ್ ಬಂದರು. ಅವರ ಕೈಯಲ್ಲಿ ಇದ್ದದ್ದು ಅವರ ತಾಯಿಯ ಮುಂಗೈ ಒಂದೇ.

ಟೀಚರ್ ಹುಟ್ಟಿನಿಂದಲೇ ಕಣ್ಣು ಕಾಣದವರು. ಒಮ್ಮೆ ಅವರ ಹಾರ್ಮೋನಿಯಮ್ಮಿನ ಮುಚ್ಚಳ ಸರಿಮಾಡಿ ಕೊಟ್ಟಿದ್ದೆ, ಅಷ್ಟೇ ಪರಿಚಯ. ನೀರು ಕುಡಿದು, ಸ್ಟೂಲಿನ ಮೇಲೆ ಕೂತು, ಮಾತನ್ನು ಸುತ್ತಿಬಳಸದೆ ಕೇಳಿದರು.

“ಕಾಕಾ, ನನಗೊಂದು ಬೆಟ್ಟ ಮಾಡಿ ಕೊಡ್ತೀರೇನ್ರಿ?”

ಯಾವ ಬೆಟ್ಟ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಶಹಾಪುರದವರು ಬೆಟ್ಟ ಅಂದರೆ ಒಂದೇ. ರಸ್ತೆಯಿಂದ ನೋಡಿದರೆ ಬುದ್ಧ ಅಂಗಾತ ಮಲಗಿದಂತೆ ಕಾಣುತ್ತದೆ: ಹಣೆ, ಮೂಗು, ತುಟಿ, ಗದ್ದ, ಎದೆ, ಅಲ್ಲಿಂದ ಇಳಿಯುತ್ತ ಹೋಗುವ ಕಾಲು. ಟೀಚರ ಮನೆಯವರು ಬುದ್ಧನನ್ನು ನಂಬಿದವರು. ತಂದೆ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಮಗಳು ಚಿಕ್ಕವಳಿದ್ದಾಗ ದಿನಾ ಬೆಳಗ್ಗೆ ಅವಳನ್ನು ಬಾಡಿಗೆ ಮನೆಯ ಮಾಳಿಗೆ ಹತ್ತಿಸಿ, ಬೆಟ್ಟದ ಕಡೆ ಮುಖ ತಿರುಗಿಸಿ ನಿಲ್ಲಿಸಿ, ಇವತ್ತು ಹೇಗೆ ಮಲಗಿದ್ದಾನೆಂದು ಹೇಳುತ್ತಿದ್ದರಂತೆ. ಮಂಜು ಬಿದ್ದರೆ ಹೊದ್ದುಕೊಂಡಿದ್ದಾನೆ, ಬಿಸಿಲು ಬಿದ್ದರೆ ಹೊದಿಕೆ ಒದ್ದಿದ್ದಾನೆ. ಒಂದು ದಿನ ಈ ಹುಡುಗಿ, ಅವನು ಮಲಗಿದ್ದಾನೋ ಸತ್ತಿದ್ದಾನೋ ಎಂದು ಕೇಳಿಬಿಟ್ಟಳು. ಆಗ ತಂದೆ ಹೇಳಿದ್ದನ್ನು ಟೀಚರ್ ತಂದೆಯದೇ ದನಿಯಲ್ಲಿ ನನಗೆ ಹೇಳಿ ತೋರಿಸಿದರು: “ನಿದ್ದಿ ಮಾಡಾಕತ್ತಾನವ್ವಾ. ಎದಿ ನೋಡೀಗ, ಉಸಿರಾಡಾಕತ್ತಾನ.”

ಆ ಮಾಳಿಗೆ ಈಗಿಲ್ಲ. ರಸ್ತೆ ಅಗಲ ಮಾಡುವಾಗ ಆ ಮನೆಯೇ ಹೋಯಿತು. ಹೊಸ ಮನೆಯಿಂದ ಬೆಟ್ಟ ಕಾಣುವುದಿಲ್ಲ. ಆದರೂ ತಂದೆ ನೆನಪಿನಿಂದಲೇ ದಿನಾ ಹೇಳುತ್ತ ಬಂದಿದ್ದರು. ಚಳಿಗಾಲದಲ್ಲಿ ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಪೂರ್ತಿ ಹೋಯಿತು. ಇನ್ನೊಂದು ಸಲ ಬಂದರೆ ಕಷ್ಟ ಅಂತ ಡಾಕ್ಟರು ಹೇಳಿದ್ದಾರೆ.

“ಅಪ್ಪನ ಮಾತು ಹೋದ ದಿನಾನ ನನ್ನ ಬೆಟ್ಟಾನೂ ಹೋತ್ರಿ” ಎಂದರು ಟೀಚರ್. “ಅವರು ಇರೋತನಕ ಒಂದ್ಸಲ ಕೈಲೇ ನೋಡಬೇಕು. ಸರಿ ಅದನೋ ಇಲ್ಲೋ ಹೇಳಾಕ ಅವರಾದ್ರೂ ಇರಬೇಕಲ್ರಿ.”

ಇದೇನು ಮಹಾ ಕೆಲಸ ಅಂದುಕೊಂಡೆ. ಎಲ್ಲರೂ ನಿಂತು ಫೋಟೊ ತೆಗೆಯುವ ಜಾಗಕ್ಕೆ ಹೋಗಿ ನಾನೂ ಒಂದು ತೆಗೆದೆ, ದೊಡ್ಡದಾಗಿ ಪ್ರಿಂಟ್ ಹಾಕಿಸಿ ಹಲಗೆಗೆ ಅಂಟಿಸಿ, ಅಂಚಿನ ಗುಂಟ ಸಣ್ಣ ಗರಗಸ ಓಡಿಸಿದೆ. ಮರಳುಕಾಗದದಿಂದ ತಿಕ್ಕಿ ಎಣ್ಣೆ ಹಚ್ಚಿದೆ. ನಮ್ಮ ಮನೆಯವಳು ನೋಡಿ ಕೈಮುಗಿದಳು. ಅವಳು ಕೈಮುಗಿದ ಮೇಲೆ ಇನ್ನೇನು ಬೇಕು ಅಂತ ಪೇಪರಿನಲ್ಲಿ ಸುತ್ತಿ ಶಹಾಪುರದ ಬಸ್ಸು ಹತ್ತಿದೆ.

ಟೀಚರ್ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳು ಓಡಿಸಿದರು. ಹಣೆಯಿಂದ ಕಾಲಿನವರೆಗೆ ಒಮ್ಮೆ, ಮತ್ತೊಮ್ಮೆ. ಆಮೇಲೆ, ನನಗೆ ಬೇಸರವಾಗದ ಹಾಗೆ ಮೆಲ್ಲಗೆ, ಚಂದ ಆಗಿದೆ, ಆದರೆ ಇದು ಅಪ್ಪನ ಬೆಟ್ಟ ಅಲ್ಲ ಎಂದರು. ಅಪ್ಪ ಹೇಳುತ್ತಿದ್ದ ಬೆಟ್ಟಕ್ಕೆ ಗದ್ದದ ಕೆಳಗೆ ಒಂದು ಆಳವಾದ ತಗ್ಗಿತ್ತು, ಇದರಲ್ಲಿ ಇಲ್ಲ. ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದ ತಂದೆಯ ಕಡೆ ನೋಡಿದೆ. ಅವರು ಎಡಗೈ ಎತ್ತಿ ಆ ಕಡೆ ಈ ಕಡೆ ಆಡಿಸಿದರು. ಅಲ್ಲ.

ಕಾರಣ ಹೊಳೆಯಲು ವಾಪಸು ಬರುವ ಬಸ್ಸಿನ ಹಾದಿಯೇ ಬೇಕಾಯಿತು. ಆ ಹಾದಿಯಲ್ಲಿ ಕಿಟಕಿಯಿಂದ ನೋಡುತ್ತಿದ್ದರೆ ಬೆಟ್ಟ ಒಂದೊಂದು ತಿರುವಿಗೆ ಒಂದೊಂದು ರೂಪ ತಾಳುತ್ತದೆ. ಒಂದು ಕಡೆ ಮೂಗು ಚೂಪು, ಇನ್ನೊಂದು ಕಡೆ ಮೊಂಡು, ಸ್ವಲ್ಪ ಮುಂದೆ ಹೋದರೆ ಬುದ್ಧನೇ ಇಲ್ಲ, ಬರೀ ಕಲ್ಲು. ಆ ತಂದೆ ನೋಡಿದ್ದು ಒಂದೇ ಜಾಗದಿಂದ, ಇಲ್ಲದ ಮನೆಯ ಮಾಳಿಗೆಯಿಂದ. ಆ ಜಾಗದಲ್ಲಿ ಈಗ ರಸ್ತೆಯ ಮೇಲಿನ ಗಾಳಿ ಇದೆ. ಅಲ್ಲಿ ನಿಂತು ಫೋಟೊ ತೆಗೆಯುವುದು ಹೇಗೆ? ಆ ಗೆರೆ ಇನ್ನೆಲ್ಲಾದರೂ ಉಳಿದಿದ್ದರೆ ಮಾತಿಲ್ಲದ ಒಬ್ಬ ಮನುಷ್ಯನ ತಲೆಯಲ್ಲಿ ಮಾತ್ರ.

ಎರಡು ದಿನ ಶೆಡ್ಡಿನಲ್ಲಿ ಸುಮ್ಮನೆ ಕೂತೆ. ಹಲಗೆ ಒಮ್ಮೆ ಕೊಯ್ದರೆ ಮುಗಿಯಿತು, ಮತ್ತೆ ಎತ್ತರಿಸಲು ಬರುವುದಿಲ್ಲ. ಎತ್ತರಿಸಲು, ತಗ್ಗಿಸಲು ಬರುವಂಥದ್ದು ಬೇಕು. ಮೂಲೆಯಲ್ಲಿ ಹಳೆಯ ಬಾಗಿಲಿನಿಂದ ಬಿಚ್ಚಿದ ಸಾಗವಾನಿ ಚೌಕಟ್ಟಿತ್ತು. ಅದನ್ನು ನೋಡುತ್ತ ನೋಡುತ್ತ ನಿರ್ಧಾರ ಮಾಡಿದೆ. ಬೆಟ್ಟವನ್ನು ನಾನು ಕೊಯ್ಯುವುದಿಲ್ಲ. ಕಡ್ಡಿಗಳನ್ನು ಮಾಡುತ್ತೇನೆ, ಪೆನ್ಸಿಲಿಗಿಂತ ತೆಳುವಾದ ನೂರಕ್ಕೂ ಹೆಚ್ಚು ಚೌಕ ಕಡ್ಡಿಗಳು. ಎರಡು ಹಲಗೆಗಳ ನಡುವೆ ಅವನ್ನು ಸಾಲಾಗಿ ಒತ್ತೊತ್ತಿ ನಿಲ್ಲಿಸುತ್ತೇನೆ. ತಂದೆ ತಮ್ಮ ಎಡಗೈಯಿಂದ ಒಂದೊಂದನ್ನು ಮೇಲೆ ಕೆಳಗೆ ಸರಿಸಿ ಬೆಟ್ಟವನ್ನು ಅವರೇ ಕೂರಿಸಲಿ.

ಹೇಳುವುದು ಸುಲಭ. ಕಡ್ಡಿಗಳೆಲ್ಲ ಒಂದೇ ದಪ್ಪ ಇರಬೇಕು. ಒಂದೊಂದರಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ನೂರು ಸೇರುವಷ್ಟರಲ್ಲಿ ಅದು ಬೆರಳಗಲ ಆಗುತ್ತದೆ. ಒಂದು ದಪ್ಪವಾದರೆ ಪಕ್ಕದ್ದನ್ನು ಹಿಡಿದು ನಿಲ್ಲಿಸುತ್ತದೆ, ತೆಳುವಾದರೆ ತಾನೇ ಜಾರಿ ಬೀಳುತ್ತದೆ. ಇಷ್ಟು ಸಣ್ಣ ಕೆಲಸಕ್ಕೆ ನನ್ನ ಹತ್ತಿರ ಇದ್ದದ್ದು ಮೇಜಿನ ಗರಗಸ: ಮೇಜಿನ ನಡುವಿನ ಸೀಳಿನಿಂದ ಹಲ್ಲಿನ ಚಕ್ರ ಮೇಲೆದ್ದು ತಿರುಗುವ ಯಂತ್ರ. ಚೌಕಟ್ಟಿನ ಪಟ್ಟಿ ಕೊಯ್ಯಲು ಅದು ಒಳ್ಳೆಯದು. ಸಣ್ಣದರ ಹತ್ತಿರ ಅದಕ್ಕೆ ದಯೆ ಇಲ್ಲ.

ಮೊದಲು ಆ ಸೀಳನ್ನು ಮುಚ್ಚಿದೆ. ಅದು ಅಗಲವಾಗಿದ್ದರೆ ತೆಳುವಾದ ಪಟ್ಟಿ ಒಳಗೆ ಇಳಿದು ಚಕ್ರಕ್ಕೆ ಸಿಕ್ಕುತ್ತದೆ. ಅಲ್ಲಿ ಹೊಸ ಪ್ಲೈವುಡ್ ತುಂಡು ಕೂರಿಸಿ, ಮೇಲೊಂದು ದಪ್ಪ ಪಟ್ಟಿಯಿಂದ ಅಮುಕಿ ಕಟ್ಟಿ, ತಿರುಗುವ ಚಕ್ರವನ್ನು ಕೆಳಗಿನಿಂದ ಮೆಲ್ಲಗೆ ಎತ್ತಿದೆ. ಚಕ್ರ ತನ್ನ ಮೈಯಷ್ಟೇ ಅಗಲದ ಬಾಯಿಯನ್ನು ತಾನೇ ಕೊರೆದುಕೊಂಡಿತು. ಇನ್ನು ಪಟ್ಟಿ ಕೊಯ್ಯುವಾಗ ತೆಳುವಾದ ಭಾಗ ಚಕ್ರಕ್ಕೂ ಪಕ್ಕದ ಆಸರೆಯ ಹಲಗೆಗೂ ನಡುವೆ ಸಿಕ್ಕಬಾರದು, ಸಿಕ್ಕರೆ ಬಾಣದಂತೆ ಹಿಂದಕ್ಕೆ, ನಮ್ಮ ಹೊಟ್ಟೆಗೇ ಬರುತ್ತದೆ. ಆದ್ದರಿಂದ ಅದು ಹೊರಬದಿಗೆ ಬಿಡುವಾಗಿ ಬೀಳುವಂತೆ ಇಟ್ಟೆ. ಕೈಯ ಬದಲು ತುದಿಗೆ ರಬ್ಬರ್ ಅಂಟಿಸಿದ ಕೋಲಿನಿಂದ ದೂಡಿದೆ. ಅಂಗಿಯ ತೋಳು ಮಡಿಚಿ, ಹೆಗಲ ಟವೆಲ್ ಗೂಟಕ್ಕೆ ಹಾಕಿ, ಕನ್ನಡಕ ಏರಿಸಿ, ಚಕ್ರ ಪೂರ್ತಿ ನಿಲ್ಲುವವರೆಗೆ ಬಿದ್ದ ಪಟ್ಟಿಯನ್ನು ಮುಟ್ಟದೆ ಕಾಯುತ್ತ ಕೊಯ್ದೆ. ನನ್ನ ಕೆಲಸದಲ್ಲಿ ಅರ್ಧ ಹೊತ್ತು ಕಾಯುವುದೇ ಆಯಿತು.

ಆ ಹಳೆಯ ಸಾಗವಾನಿ ಸೀಳಿದಾಗ ಬಂದ ವಾಸನೆಯನ್ನು ಹೇಗೆ ಹೇಳಲಿ. ಮೇಲೆ ಬಣ್ಣ, ಮಸಿ, ನೂರೆಂಟು ಮೊಳೆಯ ಗಾಯ. ಒಳಗೆ ಮಾತ್ರ ನಿನ್ನೆ ಕಡಿದ ಮರದ ಹಾಗೆ ಎಣ್ಣೆ ಹೊಳಪು, ಜೇನಿನ ಬಣ್ಣ. ಯಾರ ಮನೆಯ ಬಾಗಿಲೋ, ಎಷ್ಟು ಮಂದಿ ಅದರೊಳಗೆ ಹೋಗಿಬಂದರೋ. ಯಂತ್ರ ನಿಲ್ಲಿಸಿ ಸ್ವಲ್ಪ ಹೊತ್ತು ಅದನ್ನೇ ಮೂಸಿದೆ. ನಮ್ಮ ಮನೆಯವಳು ಚಹಾ ತಂದವಳು ನೋಡಿ, “ನನ್ನ ಅಡಗಿ ಹಿಂಗ ಒಂದಿನಾನೂ ಮೂಸಲಿಲ್ರಿ ನೀವು” ಎಂದು ಲೋಟ ಇಟ್ಟು ಹೋದಳು.

ಉದ್ದನೆಯ ಪಟ್ಟಿಗಳನ್ನು ರಂದಾದಿಂದ ಹೆರೆದು ನಯ ಮಾಡಿ, ಎಲ್ಲವೂ ಒಂದೇ ಸಂದಿಯಲ್ಲಿ ತೂರುತ್ತವೆಯೇ ಎಂದು ಪರೀಕ್ಷಿಸಿ, ಆಮೇಲೆ ಗೇಣುದ್ದಕ್ಕೆ ತುಂಡು ಮಾಡಿದೆ. ಸಣ್ಣ ತುಂಡನ್ನು ಸಣ್ಣದಾದ ಮೇಲೆ ಕೊಯ್ಯಲು ಹೋಗಬಾರದು, ಅದು ಉದ್ದನೆಯದರ ತುದಿಯಲ್ಲಿ ಇರುವಾಗಲೇ ಅದರ ಕೆಲಸವೆಲ್ಲ ಮುಗಿಸಬೇಕು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮುಂದೆ ಏನಾಯಿತು ಎಂಬುದನ್ನು ಹೇಳುತ್ತೇನೆ.

ಚೌಕಟ್ಟಿನೊಳಗೆ ಕಡ್ಡಿಗಳು ನಿಂತವು. ಬೆರಳಿನಿಂದ ಒತ್ತಿದರೆ ಸರಿಯುತ್ತಿದ್ದವು, ಬಿಟ್ಟರೆ ಅಲ್ಲೇ ನಿಲ್ಲುತ್ತಿದ್ದವು. ಹೀಗೆ ನಿಲ್ಲಿಸಬೇಕೆಂದೇ ನಾನು ಅಷ್ಟು ದಿನ ಕಾದದ್ದು.

ಶಹಾಪುರದ ಮನೆಯಲ್ಲಿ ಅದನ್ನು ತಂದೆಯ ಮುಂದೆ ಮಣೆಯ ಮೇಲಿಟ್ಟು, ನಾನೇ ಒಂದೆರಡು ಕಡ್ಡಿ ಸರಿಸಿ ತೋರಿಸಿದೆ. ಅವರಿಗೆ ಕೂಡಲೇ ತಿಳಿಯಿತು. ಕಣ್ಣು ತುಂಬಿಬಂತು, ಬಾಯಿಂದ ಒಂದು ಸಣ್ಣ ದನಿ ಹೊರಟಿತು. ಆಮೇಲೆ ಅವರು ಮಾಡಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ: ಎರಡೂ ಕಣ್ಣು ಮುಚ್ಚಿಕೊಂಡರು. ಮುಚ್ಚಿದ ಕಣ್ಣಿನಲ್ಲೇ ಎಡಗೈ ಚಾಚಿ ಹಣೆಯಿಂದ ಶುರು ಮಾಡಿದರು. ಒಂದು ಕಡ್ಡಿ ಎತ್ತುವರು, ತಡೆದು, ಕೂದಲಷ್ಟು ಇಳಿಸುವರು. ಹಿಂದೆಯೇ ಮಗಳ ಬೆರಳು ಬರುತ್ತಿತ್ತು. ಅವಳಿಗೂ ಕಣ್ಣಿಲ್ಲ, ಅವರೂ ಮುಚ್ಚಿದ್ದಾರೆ, ಕಣ್ಣು ಬಿಟ್ಟವನು ನಾನೊಬ್ಬ ಕೂತು ಬಾಗಿಲ ಕಟ್ಟಿಗೆಯೊಳಗಿಂದ ಒಂದು ಮುಖ ಏಳುವುದನ್ನು ನೋಡುತ್ತಿದ್ದೆ. ಉಸಿರು ಜೋರಾಗಿ ಬಿಟ್ಟರೆ ಎಲ್ಲಿ ಕೆಡುತ್ತದೋ ಎನ್ನುವ ಹಾಗೆ.

ಹಣೆ, ಮೂಗು, ತುಟಿ, ಗದ್ದ ಆಯಿತು. ಅಷ್ಟರಲ್ಲಿ ಟೀಚರ ತಾಯಿ ರೊಟ್ಟಿ ಬಡಿಸಿದರು. ಹೊರಗೆ ಬಿಸಿಲು ಹೇಳಲಾಗದಷ್ಟು ಇತ್ತು. ಬಂದವರಿಗೆ ತ್ರಾಸಾಗಬಾರದೆಂದು ಅವರು ಕೂಲರಿಗೆ ಎರಡು ಕೊಡ ನೀರು ಸುರಿದು, ನಮ್ಮ ಕಡೆಗೇ ತಿರುಗಿಸಿದರು. ಕೂಲರಿನ ಒದ್ದೆ ಹುಲ್ಲಿನ ವಾಸನೆಯ ಗಾಳಿ ಮುಖಕ್ಕೆ ಬಡಿದು ಸುಖವಾಯಿತು. ನಾನೂ ಕಾಲು ಚಾಚಿ ಒಂದು ಸಣ್ಣ ನಿದ್ದೆ ತೆಗೆದೆ.

ಎದ್ದು ಕೂತಾಗ ತಂದೆ ಕುತ್ತಿಗೆಯ ತಗ್ಗಿನ ಹತ್ತಿರ ತಡವರಿಸುತ್ತಿದ್ದರು. ಕಡ್ಡಿ ಇಳಿಯುತ್ತಿಲ್ಲ. ಒತ್ತಿದರು, ಗುದ್ದಿದರು. ದಣಿದಿದ್ದಾರೆ ಅಂದುಕೊಂಡು ನಾನು ಒತ್ತಿದೆ. ನನಗೂ ಇಳಿಯಲಿಲ್ಲ. ತಂದೆ ಕೈ ಹಿಂದಕ್ಕೆ ತೆಗೆದುಕೊಂಡು ಗೋಡೆಯ ಕಡೆ ಮುಖ ತಿರುಗಿಸಿದರು. ತಮ್ಮ ಕೈಯಲ್ಲಿ ಇದಾದರೂ ಆಗುತ್ತದೆಂದು ನಂಬಿದ್ದ ಮನುಷ್ಯ ಅವರು.

ಚೌಕಟ್ಟಿನ ಮೇಲೆ ಅಂಗೈ ಇಟ್ಟು ನೋಡಿದೆ, ತಣ್ಣಗಿತ್ತು. ಆಗ ತಿಳಿಯಿತು. ನನ್ನ ತಗಡಿನ ಶೆಡ್ಡಿನ ಒಣ ಬಿಸಿಯಲ್ಲಿ ಅಳೆದ ಕಡ್ಡಿಗಳು ಕೂಲರಿನ ಒದ್ದೆ ಗಾಳಿ ಕುಡಿದು ಉಬ್ಬಿದ್ದವು. ಒಂದೊಂದು ಉಬ್ಬಿದ್ದು ಕಣ್ಣಿಗೆ ಕಾಣದಷ್ಟು. ನೂರು ಸೇರಿ ಒಂದನ್ನೊಂದು ಗೋಡೆಯ ಹಾಗೆ ಒತ್ತಿ ಹಿಡಿದಿದ್ದವು.

“ಸಾಹೇಬ್ರ, ತಪ್ಪು ನಿಮ್ಮ ಕೈದಲ್ರಿ” ಎಂದೆ. “ಕೂಲರಿಂದು.”

ಅವರು ಮುಖ ಈ ಕಡೆ ತಿರುಗಿಸಿದರು. ತಾಯಿ ಎದ್ದು ಕೂಲರ್ ಬಂದ್ ಮಾಡಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ, “ಬೆಟ್ಟ ಬಿಸಿಲಾಗ ಇರೋದಲ್ಲೇನ್ರಿ, ನಾನ ತಿಳೀದಾಕಿ, ತಂಪ ಮಾಡಾಕ ಹೋದೆ” ಎಂದರು. ತಂದೆ ಗಂಟಲಲ್ಲೇ ನಕ್ಕರು. ನಾನು ಅವರ ನಗು ಕೇಳಿದ್ದು ಅದೇ ಮೊದಲು.

ಚೌಕಟ್ಟನ್ನು ಹಾಗೇ ಎತ್ತಿ ಹಿಂದಿನ ತಗಡಿನ ಕೋಣೆಯಲ್ಲಿಟ್ಟು ಬಾಗಿಲು ಹಾಕಿದೆವು. ಮರುದಿನ ಮಧ್ಯಾಹ್ನ ನಾನು ಮತ್ತೆ ಹೋಗಿ ಒತ್ತಿ ನೋಡಿದಾಗ ಕಡ್ಡಿಗಳು ಸರಿದವು. ಮುಖದ ಭಾಗ ಬಿಗಿದುಕೊಂಡಿದ್ದರಿಂದ ಅಲುಗಿರಲಿಲ್ಲ, ಅದೇ ಪುಣ್ಯ. ಕೂಲರ್ ಇಲ್ಲದೆ, ಫ್ಯಾನೂ ಇಲ್ಲದೆ, ನಾಲ್ಕು ಮಂದಿ ಬೆವರು ಸುರಿಸುತ್ತ ಕೂತು ಕುತ್ತಿಗೆಯ ತಗ್ಗು, ಎದೆ, ಹೊಟ್ಟೆ, ಕಾಲು ಎಲ್ಲ ಮುಗಿಸಿದೆವು. ಎದೆಯ ಮೇಲಿನ ಒಂದು ಕಡ್ಡಿಯನ್ನು ಮಾತ್ರ ತಂದೆ ಎತ್ತಿ, ಇಳಿಸಿ, ಎತ್ತಿ, ಇಳಿಸಿ ಬಹಳ ಹೊತ್ತು ಮಾಡಿದರು. ಎತ್ತರ ಗೊತ್ತಾಗುತ್ತಿಲ್ಲ ಅಂದುಕೊಂಡೆ. ಕೊನೆಗೆ ಅವರು ಕೈಬಿಟ್ಟಾಗ ಅದು ಎಲ್ಲಿತ್ತೋ ಅಲ್ಲೇ ನಿಲ್ಲಿಸಿದೆ. ಹಿಂದೆ ದಪ್ಪ ಕಾಗದವಿಟ್ಟು ಇಡೀ ಅಂಚನ್ನು ಪೆನ್ಸಿಲಿನಲ್ಲಿ ಗೀಚಿಕೊಂಡು, ಕಡ್ಡಿಗಳಿಗೆ ಒಂದೊಂದಾಗಿ ಗುರುತು ಹಾಕಿ, ಬಿಚ್ಚಿ, ಡಬ್ಬಿಯಲ್ಲಿ ತುಂಬಿಕೊಂಡು ರಂಗಂಪೇಟೆಗೆ ಬಂದೆ.

ಇನ್ನು ಉಳಿದದ್ದು ಎರಡು ಕೆಲಸ. ಗೇಣುದ್ದದ ಕಡ್ಡಿಗಳ ಬುಡ ಕತ್ತರಿಸಿ ತಳ ಸಮ ಮಾಡಬೇಕು, ಇಲ್ಲದಿದ್ದರೆ ಅದು ತೊಡೆಯ ಮೇಲೆ ಕೂರುವುದಿಲ್ಲ. ಮತ್ತು ಪ್ರತಿ ಕಡ್ಡಿಯ ತಲೆಯನ್ನು ಪಕ್ಕದ್ದಕ್ಕೆ ಕೂಡುವಂತೆ ಓರೆ ಮಾಡಬೇಕು, ಇಲ್ಲದಿದ್ದರೆ ಬೆರಳಿಗೆ ಬೆಟ್ಟ ಸಿಕ್ಕುವುದಿಲ್ಲ, ಮೆಟ್ಟಿಲು ಸಿಕ್ಕುತ್ತದೆ. ಬುಡ ಕತ್ತರಿಸಿದ್ದೇನೋ ಸರಿಯಾಯಿತು. ಆದರೆ ಈಗ ಕಡ್ಡಿಗಳು ಬೆರಳುದ್ದ, ಕುತ್ತಿಗೆಯ ಹತ್ತಿರ ಬೆರಳ ಗೆಣ್ಣಿನಷ್ಟು. ಮೊದಲೇ ಮುಗಿಸಬೇಕೆಂದರೆ ಎತ್ತರವೇ ಗೊತ್ತಿರಲಿಲ್ಲವಲ್ಲ. ಜಾರುವ ಹಲಗೆಯ ಮೇಲೆ ಓರೆಯಾಗಿ ಒಂದು ತಡೆ ಬಡಿದು, ಕಡ್ಡಿಯನ್ನು ರಬ್ಬರ್ ಕೋಲಿನಿಂದ ಅಮುಕಿ ಹಿಡಿದು, ಯಂತ್ರದಲ್ಲೇ ಓರೆ ಕೊಯ್ಯತೊಡಗಿದೆ. ಹಣೆ ಆಯಿತು, ಮೂಗು ಆಯಿತು, ಧೈರ್ಯ ಬಂತು.

ತಂದೆ ಎತ್ತಿ ಇಳಿಸಿದ್ದ ಎದೆಯ ಆ ಕಡ್ಡಿಗೆ ಬಂದಾಗ ಅದು ತಡೆಗೂ ಚಕ್ರಕ್ಕೂ ನಡುವೆ ತಿರುಚಿಕೊಂಡಿತು. ಚಟ್ ಎಂದು ಒಂದು ಶಬ್ದ. ನನ್ನ ಕಿವಿಯ ಪಕ್ಕದಲ್ಲಿ ಏನೋ ಹಾದುಹೋಯಿತು, ಹಿಂದಿನ ತಗಡು ಠಣ್ ಎಂದಿತು. ಯಂತ್ರ ಬಂದ್ ಮಾಡಿ ನಿಂತೆ. ಕೋಲಿನ ತುದಿಯ ರಬ್ಬರ್ ಅರ್ಧ ಹರಿದುಹೋಗಿತ್ತು. ಆ ಜಾಗದಲ್ಲಿ ಬೆರಳಿದ್ದರೆ ಎಂದು ಯೋಚಿಸುತ್ತಲೇ ಬೆರಳುಗಳನ್ನು ಒಂದೊಂದಾಗಿ ಮಡಿಚಿ ಬಿಡಿಸಿ ನೋಡಿಕೊಂಡೆ. ಬೆರಳಿನಿಂದ ನೋಡುವವಳಿಗಾಗಿ ಮಾಡುತ್ತಿರುವ ಕೆಲಸ ಇದು. ಇದಕ್ಕಾಗಿ ನನ್ನ ಬೆರಳು ಹೋಗಿದ್ದರೆ ಆ ಹುಡುಗಿ ಅದನ್ನು ಇನ್ನು ಮುಟ್ಟುತ್ತಿದ್ದಳೇ?

ಯಂತ್ರದ ಪ್ಲಗ್ ಕಿತ್ತು ವೈರನ್ನು ಸುತ್ತಿಟ್ಟೆ. ಉಳಿದದ್ದನ್ನೆಲ್ಲ ಕೈಗರಗಸದಿಂದಲೇ ಮಾಡಿದೆ: ಕಟ್ಟಿಗೆಯ ತೋಡಿನಲ್ಲಿ ಕಡ್ಡಿ ಮಲಗಿಸಿ, ಓರೆ ಸೀಳಿನಲ್ಲಿ ತೆಳು ಹಲ್ಲಿನ ಗರಗಸ ಇಟ್ಟು, ಎರಡೇ ಎಳೆತ, ಆಮೇಲೆ ಮರಳುಕಾಗದದ ಮೇಲೆ ಒಂದು ತಿಕ್ಕು. ನಿಧಾನ, ಆದರೆ ಎಲ್ಲಿ ನಿಲ್ಲಬೇಕೆಂದು ಕೈಗೆ ಗೊತ್ತಾಗುತ್ತಿತ್ತು.

ಹಾರಿಹೋದ ಎದೆಯ ಕಡ್ಡಿ ಎರಡಾಗಿ ಸೀಳಿತ್ತು. ಎತ್ತರ ಕಾಗದದ ಗೆರೆಯಲ್ಲಿ ಇತ್ತಾದ್ದರಿಂದ ಹೊಸದೊಂದನ್ನು ಅದೇ ಸಾಗವಾನಿಯಿಂದ ಮಾಡಿದೆ. ರಂದಾ ಒಂದು ಸಲ ಹೆಚ್ಚು ಎಳೆದಿರಬೇಕು, ಸ್ವಲ್ಪ ತೆಳುವಾಯಿತು. ಉಳಿದವನ್ನೆಲ್ಲ ಅಂಟು ಹಾಕಿ ಕೂರಿಸಿದೆ, ಅದೊಂದು ಸಡಿಲ ಉಳಿಯಿತು. ಇನ್ನೊಂದು ಮಾಡಬಹುದಿತ್ತು. ಆದರೆ ಅಷ್ಟರಲ್ಲಿ ತಾಯಿಯ ಫೋನ್ ಬಂತು. ಸಾಹೇಬರು ರಾತ್ರಿಯಿಂದ ಊಟ ಬಿಟ್ಟಿದ್ದಾರೆ, ಆದಷ್ಟು ಬೇಗ ತನ್ನಿ ಎಂದರು. ಅಲ್ಲೇ ಅಂಟು ತುಂಬಿ ಬಿಗಿ ಮಾಡಿದರಾಯಿತು ಎಂದು ಅಂಟಿನ ಬಾಟಲಿ ಚೀಲದಲ್ಲಿಟ್ಟುಕೊಂಡು ಹೊರಟೆ.

ತಂದೆ ಮಲಗಿದ್ದರು, ಮುಖ ಇಳಿದಿತ್ತು. ಎಬ್ಬಿಸಿ ಕೂರಿಸಿದೆವು. ಬೆಟ್ಟವನ್ನು ಅವರ ತೊಡೆಯ ಮೇಲಿಟ್ಟೆ. ಟೀಚರ್ ಪಕ್ಕದಲ್ಲಿ ಕೂತರು. ಒಂದು ಕಡ್ಡಿ ಸಡಿಲ ಇದೆ, ಸರಿ ಮಾಡುತ್ತೇನೆ ಎಂದು ಹೇಳುವುದರೊಳಗೆ ಅವರು ಮಗಳ ತೋರುಬೆರಳು ಹಿಡಿದು ಹಣೆಯ ಮೇಲಿಟ್ಟಾಗಿತ್ತು. ಬೆರಳು ಇಳಿಯಿತು, ಮೂಗು ಹತ್ತಿತು, ತುಟಿ ದಾಟಿತು. ಗದ್ದದ ಕೆಳಗಿನ ತಗ್ಗಿನಲ್ಲಿ ನಿಂತಿತು.

“ಇದಾ ನೋಡ್ರಿ ಕಾಕಾ” ಎಂದರು ಟೀಚರ್, ಮೆಲ್ಲಗೆ. “ಇಲ್ಲೇ ಮಂಜು ನಿಂದರ್ತಿತ್ತಂತ.”

ಬೆರಳು ಎದೆ ಹತ್ತಿತು. ಸಡಿಲ ಕಡ್ಡಿ ಅದರ ಕೆಳಗೆ ಅಲುಗಿತು. ತಂದೆಯ ಕೈ ತಟ್ಟನೆ ನಿಂತಿತು. ನಾನು ಚೀಲದಿಂದ ಬಾಟಲಿ ತೆಗೆದೆ. ಅವರು ನನ್ನ ಕಡೆ ನೋಡಲಿಲ್ಲ. ಮಗಳ ಬೆರಳನ್ನು ಅಲ್ಲೇ ಬಿಟ್ಟು, ತಮ್ಮ ಎಡಗೈಯನ್ನು ಚೌಕಟ್ಟಿನ ಕೆಳಗೆ ಒಯ್ದರು. ತಡಕಾಡಿದರು. ಕಡ್ಡಿಯ ಬುಡ ಸಿಕ್ಕಿತು.

ಕಡ್ಡಿ ಮೇಲೆದ್ದಿತು, ಮಗಳ ಬೆರಳನ್ನು ಎತ್ತಿಕೊಂಡು. ಇಳಿಯಿತು. ಸ್ವಲ್ಪ ತಡೆದು ಮತ್ತೆ ಎದ್ದಿತು. ಇಳಿಯಿತು. ನಿದ್ದೆಯಲ್ಲಿರುವವರ ಎದೆಯಷ್ಟೇ ನಿಧಾನ.

ಟೀಚರ್ ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ. ಆಮೇಲೆ ಹೇಳಿದರು, ನಮಗಲ್ಲ, ತಂದೆಗೆ.

“ಹೂಂ ಅಪ್ಪಾ. ಗೊತ್ತಾತು. ಉಸಿರಾಡಾಕತ್ತಾನ.”

ಅಂದು ಆ ಮನೆಯಲ್ಲಿ ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ತಾಯಿ ಗಂಜಿ ತಂದರು, ತಂದೆ ನಾಲ್ಕು ಚಮಚ ಕುಡಿದರು, ಎಡಗೈಯನ್ನು ಮಾತ್ರ ಕೆಳಗಿನಿಂದ ತೆಗೆಯಲಿಲ್ಲ. ಅಂಟಿನ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು, ಬರುತ್ತೇನೆಂದು ಸನ್ನೆ ಮಾಡಿ ಹೊರಟೆ.

ಸುರಪುರದ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಹೊತ್ತು ಮುಳುಗುವ ವೇಳೆ. ಬೆಟ್ಟ ಕಪ್ಪಗೆ, ಅಂಗಾತ, ತಾನಿದ್ದ ಹಾಗೇ ಇತ್ತು. ಹುಟ್ಟಿದಾಗಿನಿಂದ ನೋಡಿದ್ದೇನೆ ಅದನ್ನು. ಆದರೂ ಬಸ್ಸು ತಿರುವು ದಾಟಿ ಅದು ಮರೆಯಾಗುವ ತನಕ ಕಣ್ಣು ಮಿಟುಕಿಸದೆ ಅದರ ಎದೆಯನ್ನೇ ನೋಡುತ್ತ ಕೂತೆ.